ಬಜಪೆಯಲ್ಲಿ ಕಂಡ ಒಂದು ಹನಿ ನೆತ್ತರು

ಪ್ರವಾಸವೆಂದರೆ ದೂರದ್ದನ್ನು ನೋಡಿ ಬರುವುದೆಂದೇ ನಾವು ತಿಳಿದಿದ್ದೆವು. ತೀರ ಹತ್ತಿರವಿದ್ದೂ ಕಣ್ಣಿಗೆ ಬೀಳದ ಲೋಕವೊಂದುಂಟೆಂಬುದು ಕಳೆದ ಆಟಿ ತಿಂಗಳಲ್ಲಿ ಬಜಪೆಗೆ ಹೋದಾಗ ನಮಗೆ ಮನದಟ್ಟಾಯಿತು.

ಮಂಗಳೂರಿನಲ್ಲಿ ಬಸ್ಸು ಹತ್ತಿ, ಕಾವೂರನ್ನು ಹಿಂದಿಕ್ಕಿ, ಮರವೂರಿನಲ್ಲಿ ಫಲ್ಗುಣಿಯ ಸೇತುವೆಯನ್ನು ದಾಟಿದೆವು. ಹೊಳೆಯು ಕೆಮ್ಮಣ್ಣಿನ ನೀರಿನಿಂದ ತುಂಬಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಏರುದಾರಿ. 1951ರಲ್ಲಿ ತೆರೆದ ವಿಮಾನನಿಲ್ದಾಣವು ಈ ಗುಡ್ಡಗಳ ನೆತ್ತಿಯ ಮೇಲೆಯೇ ಇರುವುದು. ಕಟೀಲಿಗೆ ಹೋಗುವ ಭಕ್ತರೂ, ಕೊಲ್ಲಿಯ ನಾಡುಗಳಿಗೆ ಹೊರಟ ತರುಣರೂ ಈ ದಾರಿಯಲ್ಲಿ ಕಾಣಸಿಗುವರು.

ಬಜಪೆಯಲ್ಲಿ ನಮ್ಮ ತಂಗಿಯ ಮನೆ. ಗಾರೆ ಕಾಣದ ಮುರಕಲ್ಲಿನ ಗೋಡೆ. ಹತ್ತಿರ ನಿಂತು ನೋಡಿದರೆ ಜೇನುಹುಟ್ಟಿನಂತೆ ತೂತುತೂತು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವನು ಬೆಂಡಿನ ತೆಳ್ಳನೆಯ ಹೋಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಇಂತಹವೇ ಬರಿಗೋಣೆಗಳನ್ನು ಕಂಡು, ‘ಚಿಕ್ಕ ಕೋಣೆ’ ಎಂಬರ್ಥದ ಹೆಸರಿಟ್ಟನು. ನಮ್ಮವರು ಅದನ್ನು ಜೀವಕೋಶವೆಂದರು.

ಜಗಲಿಯಲ್ಲಿ ಸೋದರಳಿಯನು ಕಂಬಳಿ ಹೊದ್ದು ನಡುಗುತ್ತಿದ್ದನು. “ಮೊನ್ನೆಯೂ ಹೀಗೆಯೇ ಆಗಿತ್ತು, ಅಣ್ಣಾ. ನಿನ್ನೆ ಚೆನ್ನಾಗಿಯೇ ಇದ್ದ. ಮಳೆಯಲ್ಲಿ ನೆನೆದದ್ದು, ಕಷಾಯ ಕೊಟ್ಟಿದ್ದೇನೆ” ಎಂದಳು ತಂಗಿ. ನಾವೂ ಹೌದೆಂದು ತಲೆಯಾಡಿಸಿದೆವು. ಆ ತಪ್ಪು ನಮ್ಮದು. ದಿನ ಬಿಟ್ಟು ದಿನ ಬರುವ ಚಳಿಜ್ವರದ ಕುರುಹು ನಮಗೆ ಹೊಳೆಯಬೇಕಿತ್ತು. ಎರಡು ದಿನ ಕಳೆದು ಮತ್ತೆ ಚಳಿ ಹಿಡಿದಾಗ ಹುಡುಗನನ್ನು ಕರೆದುಕೊಂಡು ರಕ್ತಪರೀಕ್ಷೆಗೆ ಹೋದೆವು.

ಪರೀಕ್ಷೆ ಮಾಡುವಾಕೆ ಬೆರಳ ತುದಿಯನ್ನು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿಯನ್ನು ದಪ್ಪವಾಗಿಯೂ, ಇನ್ನೊಂದನ್ನು ತೆಳುವಾಗಿಯೂ ಹರಡಿದಳು. ದಪ್ಪನೆಯದರಲ್ಲಿ ರೋಗಾಣು ಉಂಟೋ ಇಲ್ಲವೋ ಎಂಬುದು ಬೇಗ ತಿಳಿಯುವುದು. ಯಾವ ಜಾತಿಯದೆಂಬುದನ್ನು ತೆಳುವಾದುದು ಹೇಳುವುದು. ಬಳಿಕ ಬಣ್ಣ ಹಾಕಿದಳು. ರೋಗಾಣುವಿಗೆ ತನ್ನದೇ ಬಣ್ಣವು ಅಷ್ಟಾಗಿ ಇಲ್ಲ. ಬೆಳಕು ಅದರೊಳಗಿಂದ ಹಾಗೆಯೇ ಹಾದುಹೋಗುವುದು. ಬಣ್ಣವೇರಿದ ಮೇಲೆ ಅದರ ಮೈ ನೀಲಿಯಾಗಿಯೂ, ನಡುವಿನ ಬೀಜ ಕೆಂಪಾಗಿಯೂ ತೋರುವುದು. ಈ ಕೆಲಸಕ್ಕೆಂದೇ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬವರು 1944ರಲ್ಲಿ ನಮ್ಮ ದೇಶದಲ್ಲಿಯೇ ಒಂದು ಅಗ್ಗದ ಬಣ್ಣವನ್ನು ಸಿದ್ಧಪಡಿಸಿದ್ದರು.

ಸೂಕ್ಷ್ಮದರ್ಶಕದ ಕೆಳಗಿನ ದೀಪದ ಬೆಳಕು ಗಾಜಿನ ಪಟ್ಟಿಯನ್ನು ಹಾದು ಮೇಲಕ್ಕೇರುವುದು. ಕೆಳಗಿನ ಮಸೂರವು 100 ಪಾಲು, ಕಣ್ಣಿನ ಬಳಿಯದು 10 ಪಾಲು, ಒಟ್ಟು 1000 ಪಾಲು ಹಿಗ್ಗಿಸುವುದು. ಮಸೂರಕ್ಕೂ ಗಾಜಿಗೂ ನಡುವೆ ಒಂದು ತೊಟ್ಟು ಎಣ್ಣೆ ಹಾಕುವರು. ಹಾಕದಿದ್ದರೆ ಗಾಜಿನಿಂದ ಗಾಳಿಗೆ ಬಂದ ಬೆಳಕು ಬಾಗಿ ಚದುರಿಹೋಗುವುದು. ಆದರೂ ಬೆಳಕಿಗೆ ಒಂದು ಮಿತಿಯುಂಟು. ಮಿಲ್ಲಿಮೀಟರಿನ ಸುಮಾರು 5000ದಲ್ಲಿ ಒಂದು ಪಾಲಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಒಂದೇ ಆಗಿ ತೋರುವವು. ಡೆಂಗಿಯ ರೋಗಾಣು ಅದಕ್ಕಿಂತಲೂ ಕಿರಿದಾದಕಾರಣ ಈ ಯಂತ್ರಕ್ಕೆ ಸಿಕ್ಕುವುದಿಲ್ಲ.

“ಬನ್ನಿ, ನೀವೂ ನೋಡಿ” ಎಂದಳಾಕೆ. ತಿಳಿಗೆಂಪಿನ ದುಂಡು ಕೋಶಗಳು ನಾಣ್ಯಗಳಂತೆ ಹರಡಿದ್ದವು; ಒಂದೊಂದರ ಅಗಲ ಮಿಲ್ಲಿಮೀಟರಿನ 1000ದಲ್ಲಿ ಏಳೆಂಟು ಪಾಲು ಮಾತ್ರ. ಅವುಗಳ ನಡುವೆ ಒಂದು ಮಾತ್ರ ಉಬ್ಬಿ ದೊಡ್ಡದಾಗಿತ್ತು. ಅದರೊಳಗೆ ಕೆಂಪು ಹರಳಿಟ್ಟ ನೀಲಿಯ ಉಂಗುರ! ಇದೇ ಮಲೇರಿಯಾ. 1880ರಲ್ಲಿ ಲಾವೆರಾನ್ ಅಲ್ಜೀರಿಯಾದಲ್ಲಿ ಮೊದಲು ಕಂಡದ್ದೂ, 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಪತ್ತೆಮಾಡಿದ್ದೂ ಈ ವೈರಿಯ ಕುಲವನ್ನೇ.

ಕೋಶ ಉಬ್ಬಿದ್ದರಿಂದ ಇದು ವೈವಾಕ್ಸ್ ಜಾತಿಯದೆಂದು ತಿಳಿಯಿತು. ಫಾಲ್ಸಿಪಾರಂ ಎಂಬ ಇನ್ನೊಂದಾಗಿದ್ದರೆ ಕೋಶ ಉಬ್ಬುತ್ತಿರಲಿಲ್ಲ. ಅಪಾಯ ಹೆಚ್ಚು, ಔಷಧಿಯೂ ಬೇರೆ. ವೈದ್ಯರು 3 ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್ ಗುಳಿಗೆಗಳನ್ನು ಬರೆದುಕೊಟ್ಟರು.

ಐದನೆಯ ದಿನ ಹುಡುಗ ಅಂಗಳದಲ್ಲಿ ಓಡಾಡತೊಡಗಿದನು. “ಇನ್ನು ಗುಳಿಗೆ ಯಾಕಣ್ಣಾ?” ಎಂದಳು ತಂಗಿ. ನಾವು ಈ ಬಾರಿ ತಲೆಯಾಡಿಸಲಿಲ್ಲ. ವೈವಾಕ್ಸ್ ರೋಗಾಣುವು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಅಡಗಿ ಮಲಗಬಲ್ಲದು. ಆಗ ನೆತ್ತರಿನಲ್ಲಿ ಎಷ್ಟು ಹುಡುಕಿದರೂ ಸಿಗದು. ತಿಂಗಳುಗಳು ಕಳೆದ ಮೇಲೆ ಎದ್ದು ಬರುವುದು. ಆ 14 ದಿನದ ಗುಳಿಗೆ ಇರುವುದು ಅದಕ್ಕಾಗಿಯೇ. ಇದನ್ನು ಬಿಡಿಸಿ ಹೇಳಿದ ಮೇಲೆ ಅವಳೇ ದಿನವೂ ಎಣಿಸಿ ಕೊಟ್ಟಳು.

1990ರ ದಶಕದಿಂದ ಮಂಗಳೂರಿನಲ್ಲಿ ಈ ಜ್ವರ ಬೇರೂರಿದ್ದಕ್ಕೆ, ಕಟ್ಟುವ ಮನೆಗಳಲ್ಲಿಯೂ, ತೊಟ್ಟಿಗಳಲ್ಲಿಯೂ ನಿಂತ ತಿಳಿನೀರಿನಲ್ಲಿ ಮರಿಮಾಡುವ ಸೊಳ್ಳೆಯು ಮುಖ್ಯ ಕಾರಣ. ತಂಗಿಯ ಹಿತ್ತಿಲಿನಲ್ಲಿಯೂ ಮುಚ್ಚಳವಿಲ್ಲದ ತೊಟ್ಟಿಯೊಂದಿತ್ತು. ಊರಿಗೆ ಹೊರಡುವ ಮೊದಲು ನಾವೂ ಅಳಿಯನೂ ಸೇರಿ ಅದಕ್ಕೆ ಬಿಗಿಯಾಗಿ ಬಲೆ ಕಟ್ಟಿದೆವು. ವಾಚಕರೂ ಇಂದೇ ತಮ್ಮ ಹಿತ್ತಿಲನ್ನೊಮ್ಮೆ ಸುತ್ತಿ ನೋಡಬೇಕೆಂದು ನಮ್ಮ ಬಿನ್ನಹ.