ಅಟ್ಟವಿಲ್ಲದ ಮನೆ

ನಮ್ಮ ಹಳೆಯ ಮನೆಗಳಲ್ಲಿ ಬೇಡವಾದ ಸಾಮಾನು ನೇರವಾಗಿ ತಿಪ್ಪೆಗೆ ಹೋಗುತ್ತಿರಲಿಲ್ಲ. ಮೊದಲು ಅಟ್ಟ ಹತ್ತುತ್ತಿತ್ತು. ಕಾಲು ಮುರಿದ ಮಣೆ, ತೂತು ಬಿದ್ದ ಹಂಡೆ, ಮಕ್ಕಳು ಬೆಳೆದ ಮೇಲೆ ಬರಿದಾದ ತೊಟ್ಟಿಲು ಎಲ್ಲಕ್ಕೂ ಅಲ್ಲಿ ನಾಲ್ಕು ಕಾಲ ವಾಸ. ಮಗಳು ಬಾಣಂತನಕ್ಕೆ ತವರಿಗೆ ಬಂದಳೆಂದರೆ ತೊಟ್ಟಿಲು ಮತ್ತೆ ಕೆಳಗಿಳಿಯುತ್ತಿತ್ತು.

ನಾನು ದುಡಿಯುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಲಿನಕ್ಸ್ ಕಂಪ್ಯೂಟರುಗಳ ಮುಂದೆ. ಅಲ್ಲಿ ಮೌಸಿನಿಂದ ಅಳಿಸಿದ ಫೈಲು ಕಸದ ಬುಟ್ಟಿಯಲ್ಲಿ ಕೂತಿರುತ್ತದೆ. ಕಮಾಂಡ್ ಲೈನಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆಯುಂಟು. 1971ರ ಯುನಿಕ್ಸ್ ಕೈಪಿಡಿಯಲ್ಲೇ ಇದ್ದ ಹಿರಿಯ ಇದು. ಫೈಲಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ ಸುಮ್ಮನಾಗುತ್ತದೆ. ಬುಟ್ಟಿಯೂ ಇಲ್ಲ, ಅಟ್ಟವೂ ಇಲ್ಲ.

ಪಕ್ಕದ ಮೇಜಿನ ಹುಡುಗ ಒಂದು ಸಂಜೆ ‘.ಲಾಗ್’ ಎಂದು ಕೊನೆಗೊಳ್ಳುವ ಹಳೆಯ ಫೈಲುಗಳನ್ನು ತೆಗೆಯಹೊರಟ. ನಕ್ಷತ್ರದ ಗುರುತಿಗೂ ಅದರ ಮುಂದಿನ ಚುಕ್ಕಿಗೂ ನಡುವೆ ಒಂದು ತೆರಪು ಬಿತ್ತು. ಬರಿಯ ನಕ್ಷತ್ರವೆಂದರೆ ‘ಇಲ್ಲಿರುವುದೆಲ್ಲ’ ಎಂದರ್ಥ, ಎಲ್ಲವೂ ಹೋಯಿತು. ಆಫೀಸಿನ ಫೈಲುಗಳಿಗೆ ಬೇರೆ ಕಡೆ ಪ್ರತಿಯಿತ್ತು, ಹಿಂದಿರುಗಿದವು. ಫೋನಿನಿಂದ ತಂದು ಅಲ್ಲೇ ಇಟ್ಟಿದ್ದ ಅಜ್ಜಿಯ ಸೋಬಾನೆ ಪದಗಳಿಗೆ ಪ್ರತಿಯಿರಲಿಲ್ಲ, ಅಜ್ಜಿಯೂ ಇರಲಿಲ್ಲ. “ಏನೂ ಮಾಡೋಕಾಗಲ್ವಾ ಸಾರ್?” ಎಂದ. ಕಾಫಿ ತರಿಸಿದೆ, ಇನ್ನೇನು ಮಾಡಲಿ?

ದೊಡ್ಡವರ ಮನೆಯಲ್ಲೂ ಇದು ನಡೆದದ್ದುಂಟು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ಇದೇ ಆಜ್ಞೆಯಿಂದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗ ಅಳಿಯಿತು. ಕಾದಿರಿಸಿದ ಪ್ರತಿಗಳೂ ಕೈಕೊಟ್ಟವು. ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಚಿತ್ರವನ್ನು ಉಳಿಸಿತು. ಅಲ್ಲೂ ತೊಟ್ಟಿಲೇ ಕಾಪಾಡಿತೆನ್ನಬೇಕು!

ಕಮಾಂಡ್ ಲೈನಿಗೂ ಅಟ್ಟ ಕಟ್ಟಿದವರಿದ್ದಾರೆ. ‘ಟ್ರ್ಯಾಶ್-ಸಿಎಲ್‌ಐ’ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ‘ಟ್ರ್ಯಾಶ್-ಪುಟ್’ ಎಂದರೆ ಫೈಲು ಬುಟ್ಟಿಗೆ ಸರಿಯುತ್ತದೆ. ಎಲ್ಲಿತ್ತು, ಯಾವ ದಿನ ಬಂತು ಎಂಬ ಚೀಟಿಯೂ ಜೊತೆಗಿರುತ್ತದೆ. (ನಮ್ಮ ಅಟ್ಟದಲ್ಲಿ ಇಷ್ಟು ಶಿಸ್ತು ಎಂದೂ ಇರಲಿಲ್ಲ.) ‘ಟ್ರ್ಯಾಶ್-ರಿಸ್ಟೋರ್’ ಆ ಚೀಟಿ ನೋಡಿ ಹಿಂದಿರುಗಿಸುತ್ತದೆ. ‘ಟ್ರ್ಯಾಶ್-ಎಂಪ್ಟಿ 30’ ಎಂದರೆ ಮೂವತ್ತು ದಿನ ದಾಟಿದ್ದು ಮಾತ್ರ ಹೋಗುತ್ತದೆ. ಅಲ್ಲಿಯವರೆಗೆ ಡಿಸ್ಕಿನಲ್ಲಿ ಜಾಗ ತೆರವಾಗದು; ಅದನ್ನು ಅಟ್ಟದ ಬಾಡಿಗೆಯೆಂದು ಎಣಿಸಬೇಕು.

ಕೆಲವರು ಜಾಣತನದಿಂದ ‘ಆರ್‌ಎಂ’ ಎಂಬ ಹೆಸರನ್ನೇ ಈ ಬುಟ್ಟಿಗೆ ಕಟ್ಟಿಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಎಲ್ಲೆಲ್ಲೂ ಅಟ್ಟವಿದೆಯೆಂದು ನಂಬಿ ಪಳಗಿದ ಕೈ, ಬೇರೆಯವರ ಕಂಪ್ಯೂಟರಿನ ಮುಂದೆ ಕೂತ ದಿನ ನಿಜವಾದ ‘ಆರ್‌ಎಂ’ ಅನ್ನೇ ಒತ್ತುತ್ತದೆ.

ನಮ್ಮ ಹುಡುಗ ಈಗ ‘ಟ್ರ್ಯಾಶ್-ಪುಟ್’ ಎಂದು ಪೂರ್ತಿಯಾಗಿಯೇ ಟೈಪು ಮಾಡುತ್ತಾನೆ. ಅಜ್ಜಿಯ ಜೊತೆ ದನಿಗೂಡಿಸುತ್ತಿದ್ದ ಮುದುಕಿಯೊಬ್ಬರು ಊರಿನಲ್ಲಿ ಇನ್ನೂ ಇದ್ದಾರಂತೆ. ಬರುವ ಭಾನುವಾರ ಹೋಗಿ, ಅವರಿಗೆ ನೆನಪಿರುವಷ್ಟು ಪದ ಹಾಡಿಸಿಕೊಂಡು ಬರುತ್ತೇನೆಂದಿದ್ದಾನೆ.