ಅಕ್ಕನಿರುವ ಊರು

ಕೆನಡಾಕ್ಕೆ ವಲಸೆ ಹೋಗಬಯಸುವ ಮೈಸೂರಿನ ತರುಣನೊಬ್ಬನಿಗೆ ಟೊರಾಂಟೊದಲ್ಲಿ ಒಡಹುಟ್ಟಿದ ಅಕ್ಕನಿದ್ದಾಳೆನ್ನಿ. ಅದು ಭಾಗ್ಯವೋ ಅಡ್ಡಿಯೋ ಎಂಬುದು ಅವನು ತಟ್ಟುವ ಬಾಗಿಲನ್ನು ಅವಲಂಬಿಸಿದೆ. ಕೇಂದ್ರ ಸರ್ಕಾರದ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ, 2017ರ ಜೂನ್ ತಿಂಗಳಿಂದ, ಅಂಥ ಅಕ್ಕನಿಗೆ 15 ಅಂಕಗಳ ಬೆಲೆಯುಂಟು. ಅದೇ ತರುಣ ಮ್ಯಾನಿಟೋಬ ಪ್ರಾಂತ್ಯದ ನಾಮನಿರ್ದೇಶನವನ್ನು ಕೋರಿದರೆ ತಕ್ಕಡಿ ಬೇರೆಯಾಗುತ್ತದೆ. ಅಲ್ಲಿ ವಿನ್ನಿಪೆಗ್‌ನ ಬಂಧು ಅಂಕಗಳನ್ನು ಏರಿಸುತ್ತಾನೆ. ಅನ್ಯಪ್ರಾಂತ್ಯದಲ್ಲಿ ಓದಿದವನಿಗೆ 100 ಅಂಕ ಕಡಿತ. ಟೊರಾಂಟೊದ ಅಕ್ಕನೋ, ‘ಇವನು ಇಲ್ಲಿ ನಿಲ್ಲುವನೇ?’ ಎಂಬ ಸಂಶಯಕ್ಕೆ ಕಾರಣಳಾಗುತ್ತಾಳೆ.

ಸಂಶಯ ನಿರಾಧಾರವೇನಲ್ಲ. ತನ್ನ ಆಸ್ಪತ್ರೆ, ಕಾರ್ಖಾನೆಗಳಿಗೆ ಜನ ಬೇಕೆಂದೇ ಪ್ರಾಂತ್ಯವು ಆರಿಸುತ್ತದೆ. ಆದರೆ 1982ರ ಹಕ್ಕುಗಳ ಸನ್ನದು ಕಾಯಂ ನಿವಾಸಿಗೆ ಯಾವ ಪ್ರಾಂತ್ಯದಲ್ಲಾದರೂ ನೆಲೆಸುವ ಸ್ವಾತಂತ್ರ್ಯವನ್ನು ಕೊಟ್ಟಿದೆ. ಬಂದವನನ್ನು ಕಟ್ಟಿಹಾಕಲಾರದ ಸರ್ಕಾರ, ಬರುವ ಮುನ್ನವೇ ಅವನ ಮನಸ್ಸನ್ನು ಅಳೆಯಹೊರಡುತ್ತದೆ. ಮನಸ್ಸನ್ನು ಅಳೆಯುವ ಕೋಲು ದೊರೆಯದೆ ನೆಂಟರನ್ನು ಎಣಿಸುತ್ತದೆ!

ಅಕ್ಕನನ್ನು ಮರೆಮಾಚಿದರೆ? ಸುಳ್ಳಾಡಿದವನಿಗೆ ಆ ದೇಶದ ಕಾನೂನು 5 ವರ್ಷ ಬಾಗಿಲು ಮುಚ್ಚುತ್ತದೆ. ಆದುದರಿಂದ ಅವನು ಅವಳ ಹೆಸರನ್ನು ಬರೆಯುತ್ತಾನೆ. ಬರೆದು, ವಿನ್ನಿಪೆಗ್‌ನ ಉದ್ಯೋಗ, ಬಾಡಿಗೆ, ಶಾಲೆಗಳನ್ನೆಲ್ಲ ವಿಚಾರಿಸಿ, ತಾನು ಅಕ್ಕನಿಂದ 2,000 ಕಿಲೋಮೀಟರಿಗೂ ಮಿಕ್ಕಿದ ದಾರಿಯಾಚೆ ಸುಖವಾಗಿರಬಲ್ಲೆನೆಂದು ಸರ್ಕಾರವನ್ನು ನಂಬಿಸುತ್ತಾನೆ. ಇತ್ತ ಅವನ ತಾಯಿ, ಅಲ್ಲಿ ಅಕ್ಕನಿದ್ದಾಳೆಂಬ ಒಂದೇ ಧೈರ್ಯದಿಂದ, ಹಪ್ಪಳ ಉಪ್ಪಿನಕಾಯಿಗಳನ್ನು ಎರಡು ಪಾಲು ಕಟ್ಟುತ್ತಿರುತ್ತಾಳೆ.