ಯಾರಿಗೆ ಏನು ಗೊತ್ತು?

ಕಾದಂಬರಿಯೊಂದನ್ನು ಎರಡನೇ ಸಲ ಓದುವ ಸುಖವೇ ಬೇರೆ. ಮುಂದೇನಾಯಿತು ಎಂಬ ಅವಸರ ಮೊದಲ ಓದಿನಲ್ಲೇ ತೀರಿರುತ್ತದೆ. ಈಗ ಪುಟಗಳು ನಿಧಾನ ಮಗುಚುತ್ತವೆ, ಕೈಗೆ ಪೆನ್ಸಿಲ್ ಬರುತ್ತದೆ. ವಸ್ತು, ಪಾತ್ರ, ಸನ್ನಿವೇಶ, ನಿರೂಪಣೆ ಎಂದು ತರಗತಿಯಲ್ಲಿ ಬರೆದುಕೊಂಡ ಪದಗಳಿಗೆಲ್ಲ ಜೀವ ಬರುವುದು ಆಗಲೇ. ಅವನ್ನು ಒಟ್ಟಿಗೆ ಹಿಡಿಯಬಲ್ಲ ಪ್ರಶ್ನೆಯೊಂದಿದೆ: ಈ ಪುಟದಲ್ಲಿ ಯಾರಿಗೆ ಏನು ಗೊತ್ತು?

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಪ್ರಶ್ನೆಗೆ ಹೇಳಿ ಮಾಡಿಸಿದ ಕೃತಿ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಸಂಸ್ಕಾರ ಮಾಡುವವರು ಯಾರು? ಅದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಡಕುತ್ತಾರೆ, ಮಾರುತಿಯನ್ನು ಬೇಡುತ್ತಾರೆ. ಇತ್ತ ನಾರಣಪ್ಪನ ಸಂಗಾತಿ ಚಂದ್ರಿ, ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ಹೆಣವನ್ನು ಸುಡಿಸಿ ಊರು ಬಿಡುತ್ತಾಳೆ. ಬ್ರಾಹ್ಮಣರಿಗೆ ಇದು ತಿಳಿಯದು. ಇಲ್ಲದ ಹೆಣದ ಸಂಸ್ಕಾರಕ್ಕಾಗಿ ಅವರು ಊರೂರು ಅಲೆಯುತ್ತಾರೆ!

ಈ ಒಂದು ಗುಟ್ಟನ್ನು ಓದುಗನ ಕೈಗಿಟ್ಟದ್ದರಿಂದ ಕಾದಂಬರಿಯ ದಿಕ್ಕೇ ಬದಲಾಗುತ್ತದೆ. ಹೆಣದ ಸಮಸ್ಯೆ ಮುಗಿದಿದೆ, ಆಚಾರ್ಯರದು ಮುಗಿದಿಲ್ಲ. ಇನ್ನು ಮುಂದೆ ಓದುಗ ನೋಡಬೇಕಾದದ್ದು ಅವರ ಮನಸ್ಸನ್ನು ಮಾತ್ರ. ಇಲಿಗಳ ವಿಷಯವೂ ಹೀಗೆಯೇ. ಮನೆಮನೆಯಲ್ಲಿ ಅವು ಸತ್ತು ಬೀಳುವಾಗ ಓದುಗನಿಗೆ ಪ್ಲೇಗಿನ ವಾಸನೆ ಬಡಿಯುತ್ತದೆ, ಅಗ್ರಹಾರಕ್ಕೆ ಅದು ಅಪಶಕುನ. ಸನ್ನಿವೇಶ ಎಂದರೆ ಬರೀ ಊರು, ಮನೆ, ಮರಗಿಡಗಳ ವರ್ಣನೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಸೂಕ್ಷ್ಮ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕತೆ ಹೇಳುವವನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರದಿಂದ ಹಣ ಬಂತು, ಹೊಸ ಮನೆ ಬಂತು ಎಂದೆಲ್ಲ ಅವನು ಸಲೀಸಾಗಿ ಹೇಳುತ್ತಾನೆ. ಹೆಂಡತಿ ಅನಿತಾಳ ವಿಷಯ ಬಂದಾಗ ಮಾತು ಜಾರುತ್ತದೆ. ಹಳೆಯ ಮನೆಯಲ್ಲಿ ಎಲ್ಲರೂ ಸೇರಿ ಇರುವೆಗಳನ್ನು ಹೊಸಕಿದ ಪ್ರಸಂಗ ಮೊದಲ ಓದಿಗೆ ಬಡತನದ ನೆನಪು, ಎರಡನೆಯದಕ್ಕೆ ಮೈ ಜುಮ್ಮೆನ್ನಿಸುತ್ತದೆ. ನಿರೂಪಕ ನುಂಗಿಕೊಂಡದ್ದರ ಗುರುತನ್ನು ಓದುಗ ಹುಡುಕಬೇಕು. ಅದಕ್ಕೆ ಪೆನ್ಸಿಲ್ ಬೇಕೇ ಬೇಕು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ತಕ್ಕಡಿ ಮತ್ತೊಂದು ಕಡೆಗೆ ವಾಲುತ್ತದೆ. ಊರವರ ಕಣ್ಣಿಗೆ ನಿಷ್ಪ್ರಯೋಜಕನಾದ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಯಾಕಿಷ್ಟು ಹಚ್ಚಿಕೊಂಡಿದ್ದಾರೆ ಎಂದು ಕತೆ ಹೇಳುವವನೇ ತಲೆ ಕೆಡಿಸಿಕೊಳ್ಳುತ್ತಾನೆ. ಕರ್ವಾಲೊ ಹುಡುಕುತ್ತಿದ್ದ ಹಾರುವ ಓತಿಯ ಸುಳಿವು ಇದ್ದದ್ದು ಆ ಮಂದಣ್ಣನ ಹತ್ತಿರ.